ಚಾಳೀಸದ ಚೀಲ

ನಮ್ಮ ಮನೆಯಲ್ಲಿ ಆರು ಫೋರ್ಕುಗಳಿದ್ದವು. ಅಪ್ಪ-ಅವ್ವನ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು. ಧಾರವಾಡದಿಂದ ವಡೋದರಾಕ್ಕೆ ಬಂದ ಮೇಲೂ ಅವು ಕೆಂಪು ಮಖಮಲ್ಲಿನ ಡಬ್ಬಿಯೊಳಗೆ ಮಲಗಿಕೊಂಡೇ ಇದ್ದವು. ರೊಟ್ಟಿ, ಝುಣಕ, ಬದನೆಕಾಯಿ ಎಣ್ಣೆಗಾಯಿ ತಿನ್ನುವ ಮನೆಗೆ ಫೋರ್ಕಿನಿಂದ ಏನು ಕೆಲಸ? ಆದರೂ ಅವ್ವ ದೀಪಾವಳಿಗೊಮ್ಮೆ ಅವನ್ನು ಹೊರಗೆ ತೆಗೆದು, ಬಟ್ಟೆಯಿಂದ ಒರೆಸಿ, ಎಣಿಸಿ, ಮತ್ತೆ ಮುಚ್ಚಿಡುತ್ತಿದ್ದಳು. ಮಂಜಲ್‌ಪುರದ ಸೊಸೈಟಿಯೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಒಂದು ಹಾಲು, ಒಂದು ಕೋಣೆ, ಮೂಲೆಯಲ್ಲಿ ದೇವರ ಜಗಲಿ ಇದ್ದ ಅಡಿಗೆಮನೆ, ಊರಿನ ಜೋಳದ ಚೀಲಕ್ಕೂ ಒಣಹಾಕಿದ ಬಟ್ಟೆಗೂ ಜಾಗ ಸಾಲದ ಒಂದು ಬಾಲ್ಕನಿ. ಮನೆಯೊಳಗೆ ಕನ್ನಡ ಅಂತ ನಾವು ಮಾತಾಡುತ್ತಿದ್ದುದರಲ್ಲಿ ಅರ್ಧ ಹಿಂದಿ, ಕಾಲು ಗುಜರಾತಿ. ಅಪ್ಪ ಮಕರ್‌ಪುರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನಾನು ಒಬ್ಬಳೇ ಮಗಳು, ಆಗ ಹದಿಮೂರು ವರ್ಷದವಳು, ಹಟಮಾರಿ. ಆ ಹಟವನ್ನು ನಾನು ಈಗಲೂ ಬಿಟ್ಟಿಲ್ಲ, ಬಿಡುವ ವಿಚಾರವೂ ಇಲ್ಲ.

ಸೊಸೈಟಿಯ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಜೀವಣಕಾಕಾ ಕೂರುತ್ತಿದ್ದರು. ಇಡೀ ಸೊಸೈಟಿಯ ಚಪ್ಪಲಿ, ಬ್ಯಾಗು, ಬೆಲ್ಟು ಹೊಲಿದು ಕೊಡುತ್ತಿದ್ದ ಮೋಚಿ. ನನ್ನ ಶಾಲೆಯ ಬ್ಯಾಗಿನ ಪಟ್ಟಿ ಹರಿದಾಗ ರಿಪೇರಿಗೆ ಕೊಟ್ಟು ಅಲ್ಲೇ ನಿಂತೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನೊಳಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ತೂರಿಸಿ, ಎರಡೂ ಕೈ ಅಗಲಿಸಿ ಅವರು ದಾರ ಎಳೆದದ್ದು ನೋಡಿ ನನಗೆ ಮೈ ಜುಮ್ಮೆಂದಿತು. ಬಟ್ಟೆಯ ಹೊಲಿಗೆಯಲ್ಲಿ ಒಂದು ಕಡೆ ಬಿಚ್ಚಿದರೆ ಇಡೀ ಸಾಲೇ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ದಾರ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ನನಗೂ ಕಲಿಸಿ ಎಂದೆ. ಅವರು ನಕ್ಕು, ಒಂದು ತುಂಡು ಚರ್ಮ, ತೂತು ಹಾಕುವ ಹಳೆಯ ಆರಿ, ಮೇಣ ಹಚ್ಚಿದ ಒಂದು ಮೊಳ ದಾರ ಕೊಟ್ಟರು. ಬೇಸತ್ತು ಮರುದಿನ ಬರಲಿಕ್ಕಿಲ್ಲ ಎಂದುಕೊಂಡಿದ್ದರಂತೆ. ನಾನು ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಗುಜರಾತಿ ಬೆರೆತ ಹಿಂದಿಯಲ್ಲಿ ಅವರದು ಒಂದೇ ಪಾಠ:

"ಖೀಂಚ್ ಬೇಟಾ, ಮಗರ್ ಮಾರ್ ಮತ್."

ಎಳೆ, ಆದರೆ ಕೊಲ್ಲಬೇಡ. ನಾನು ಕೊಲ್ಲುತ್ತಿದ್ದೆ. ಬಿಗಿ ಹೆಚ್ಚಾಗಿ ಚರ್ಮ ಮುದುಡಿ ಹೋಗುತ್ತಿತ್ತು. ಮೊದಲು ಮಾಡಿದ್ದು ಅಪ್ಪನ ಸ್ಕೂಟರಿನ ಕೀಲಿಗೆ ಒಂದು ಪಟ್ಟಿ; ಒಣಗಿದ ಮೆಣಸಿನಕಾಯಿಯ ಹಾಗಿತ್ತು. ಅಪ್ಪ ಅದನ್ನು ಕೀಲಿಗೆ ಸಿಕ್ಕಿಸಿಕೊಂಡು ಕಾರ್ಖಾನೆಗೆ ಹೋದರು. ಆಮೇಲೆ ಪುಸ್ತಕದ ಗುರುತುಪಟ್ಟಿ, ಆಮೇಲೆ ಚಿಲ್ಲರೆ ಹಾಕುವ ಸಣ್ಣ ಚೀಲ. ಬಾಲ್ಕನಿಯಲ್ಲಿ ಜೋಳದ ಚೀಲಕ್ಕೆ ಒರಗಿ ಕೂತು ದಿನಾ ಒಂದು ತಾಸು ಹೊಲಿಯುತ್ತಿದ್ದೆ. ಹೊಲಿಗೆ ಸಾಲಾಗಿ ಬರಬೇಕಾದರೆ ತೂತುಗಳು ಒಂದೇ ಅಳತೆಯ ದೂರದಲ್ಲಿರಬೇಕು. ಜೀವಣಕಾಕಾಗೆ ಅದು ಕಣ್ಣಳತೆ. ನನಗೆ ಕಣ್ಣೂ ಇಲ್ಲ, ಅಳತೆಯೂ ಇಲ್ಲ. ಆಗ ಹೊಳೆದದ್ದು ಫೋರ್ಕು. ನಾಲ್ಕು ಹಲ್ಲು, ನಾಲ್ಕೂ ಒಂದೇ ದೂರ. ಒದ್ದೆ ಮಾಡಿದ ಚರ್ಮದ ಮೇಲೆ ಒತ್ತಿದರೆ ನಾಲ್ಕು ಚುಕ್ಕೆ. ಕೊನೆಯ ಚುಕ್ಕೆಯಲ್ಲಿ ಮೊದಲ ಹಲ್ಲು ಇಟ್ಟು ಮತ್ತೆ ಒತ್ತಿದರೆ ಮುಂದಿನ ಮೂರು. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಕೂತಿದ್ದಾಗ ಅವ್ವ ಬಟ್ಟೆ ತೆಗೆಯಲು ಬಂದಳು.

"ಏನ ಅದು ಕೈಯಾಗ? ನಮ್ಮ ಫೋರ್ಕ್ ಹೌದಿಲ್ಲ? ಫೋರ್ಕಿಗೆ ತೊಗಲು ಮುಟ್ಟಿಸಿದೇನ ನೀ?"

"ತೊಳೀತೀನಿ ಅವ್ವಾ."

"ತೊಳದರ ಹೊಕ್ಕೈತೇನ ಅದು? ಬಾಜೂ ಮನಿ ಹಂಸಾಬೆನ್ ಮೊನ್ನೆ ಕೇಳಿದರು, ನಿಮ್ಮ ಹುಡುಗಿ ದಿನಾ ಆ ಮೋಚಿ ಹಂತ್ಯಾಕ ಯಾಕ ಕುಂದ್ರತಾಳ ಅಂತ. ನಾ ಏನ ಹೇಳ್ಲಿ? ಸಾಲ್ಯಾಗ ಕ್ರಾಫ್ಟ್ ಕೊಟ್ಟಾರ ಅಂತ ಸುಳ್ಳ ಹೇಳೇನಿ. ಚಪ್ಪಲಿ ಹೊಲಿಯೋ ಕೆಲಸಾ ನಮ್ಮ ಮನ್ಯಾಗ ಯಾರರ ಮಾಡ್ಯಾರ?"

ನಾನೂ ಬಿಡಲಿಲ್ಲ. ಚಪ್ಪಲಿ ಹಾಕ್ಕೊಳ್ಳೋದು ಯಾರು ಮತ್ತೆ, ನೀನೇ ಅಲ್ಲವಾ ಎಂದು ಕೂಗಾಡಿದೆ. ಅವ್ವನ ಕಣ್ಣಲ್ಲಿ ನೀರು ಬಂತು. ಆಗ ನನಗೆ ಅವಳ ಮೇಲೆ ಕೆಟ್ಟ ಸಿಟ್ಟಿತ್ತು. ಈಗ ಅಷ್ಟಿಲ್ಲ, ಆದರೆ ಅವ್ವ ಹೇಳಿದ್ದು ಸರಿ ಎಂದು ನಾನು ಯಾವತ್ತೂ ಒಪ್ಪುವುದಿಲ್ಲ. ಅವಳು ಕೆಟ್ಟವಳಲ್ಲ, ಅಂಜುಬುರುಕಿ. ಪರ ಊರಿನಲ್ಲಿ ಅವಳಿಗಿದ್ದ ಆಸ್ತಿಯೆಂದರೆ ಅಕ್ಕಪಕ್ಕದ ನಾಲ್ಕು ಮನೆಯವರ ಒಳ್ಳೆಯ ಮಾತು, ಅದೆಲ್ಲಿ ಕೈಬಿಟ್ಟು ಹೋಗುತ್ತದೋ ಎಂಬ ದಿಗಿಲು. ಆ ದಿಗಿಲಿನಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಕೆಲಸವನ್ನು ಕೀಳು ಮಾಡುತ್ತಿದ್ದಳು ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಅಪ್ಪ ಊಟದ ಹೊತ್ತಿಗೆ ನಡುವೆ ಬಂದರು. ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. ಸಂಕ್ರಾಂತಿ ಆದ ಮೇಲೆ ಅಪ್ಪನ ತಾಯಿ, ನಮ್ಮ ಆಯಿ, ಊರಿನಿಂದ ಬರುವವಳಿದ್ದಳು.

"ಅತ್ತಿ ಬರಲಿ. ಅವರು ಹೂಂ ಅಂದ್ರ ಇರಲಿ. ಬ್ಯಾಡ ಅಂದ್ರ ಇದೆಲ್ಲಾ ಒಯ್ದು ಆ ಮೋಚಿಗೆ ಕೊಟ್ಟ ಬರಬೇಕು. ಮತ್ತ ಅಲ್ಲಿ ಕಾಲಿಡಬಾರದು."

ಅವ್ವನಿಗೆ ತನ್ನ ಗೆಲುವಿನ ಬಗ್ಗೆ ಅನುಮಾನವೇ ಇರಲಿಲ್ಲ. ಸ್ನಾನವಾಗದೆ ಕುಡಿಯುವ ನೀರು ಮುಟ್ಟಲು ಬಿಡದ ಅತ್ತೆ ತೊಗಲಿಗೆ ಹೂಂ ಅನ್ನುತ್ತಾಳೆಯೇ? ಆ ಫೋರ್ಕು ಮಾತ್ರ ಮತ್ತೆ ಮಖಮಲ್ಲಿನ ಡಬ್ಬಿ ಸೇರಲಿಲ್ಲ. ಅವ್ವ ಅದನ್ನು ಮುಟ್ಟಲೂ ಇಲ್ಲ, ಹಾಗಾಗಿ ಅದು ನನ್ನದಾಯಿತು.

ಮುಂದಿನ ಭಾನುವಾರ ಆಯಿಯ ಫೋನು ಬಂತು. ಆಯಿಗೆ ಫೋನಿನ ಮೇಲೆ ನಂಬಿಕೆಯಿಲ್ಲ, ಧಾರವಾಡದಿಂದ ವಡೋದರಾಕ್ಕೆ ನೇರವಾಗಿ ಕೇಳುವ ಹಾಗೆ ಕೂಗುತ್ತಿದ್ದಳು. ಅಪ್ಪ ಅವಳಿಗೆ ನನ್ನ ಹುಚ್ಚಿನ ಸುದ್ದಿ ಹೇಳಿಬಿಟ್ಟಿದ್ದರು. ರಿಸೀವರು ನನ್ನ ಕೈಗೆ ಬಂದಾಗ ಬೈಗುಳಕ್ಕೆ ಸಿದ್ಧಳಾಗಿಯೇ ಕಿವಿಗೆ ಹಿಡಿದೆ.

"ಗೌರವ್ವಾ, ತೊಗಲಿನ ಚೀಲಾ ಹೊಲೀತಿಯಂತಲ್ಲ? ನಾ ಬರೂದ್ರಾಗ ನನಗೊಂದು ಚಾಳೀಸದ ಚೀಲಾ ಹೊಲದ ಇಡು. ಗಟ್ಟಿ ಇರಬೇಕ ನೋಡು, ಕೈಯಾಗಿಂದ ಬಿದ್ದರೂ ಏನೂ ಆಗಬಾರದು."

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಯಿಯೇ ಕೇಳಿದಳು! ಆಯಿ ತನಗೊಂದು ಚೀಲ ಹೊಲಿಯಲು ಹೇಳಿದ್ದಾಳೆ ಎಂದಷ್ಟೇ ಮನೆಯಲ್ಲಿ ಸಾರಿದೆ. ಅವ್ವ ಮಾತ್ರ "ಫೋನಿನ್ಯಾಗ ಚ್ಯಾಷ್ಟಿ ಮಾಡ್ಯಾರ, ಕಣ್ಣಿಲೆ ಕಂಡಾಗ ತಿಳೀತೈತಿ" ಎಂದು ತಳ್ಳಿಹಾಕಿದಳು. ಅವಳ ಮಾತು ನನಗೆ ನಾಟಲಿಲ್ಲ. ನನ್ನ ತಲೆಯಲ್ಲಿ ಕೊರೆಯುತ್ತಿದ್ದುದು ಬೇರೆಯೇ: ಚಾಳೀಸದ ಚೀಲ ಅಂದರೆ ಏನು? ಕೇಳಬಹುದಿತ್ತು. ಆದರೆ ಆಯಿ ನನ್ನ ಕನ್ನಡವನ್ನು ಯಾವಾಗಲೂ ಆಡಿಕೊಳ್ಳುತ್ತಿದ್ದಳು, 'ರೊಟ್ಟಿ ಬನಾಯಿಸು' ಅಂದವಳು ನೀನೇ ಅಲ್ಲವೇ ಎಂದು ಊರಿನವರ ಮುಂದೆಲ್ಲ ನಗುತ್ತಿದ್ದಳು. ಅವಳನ್ನು ಕೇಳುವುದಕ್ಕೆ ಅಭಿಮಾನ, ಅವ್ವನನ್ನು ಕೇಳುವುದಕ್ಕೆ ಸಿಟ್ಟು. ಹಿಂದಿಯ ಚಾಲೀಸ್, ಗುಜರಾತಿಯ ಚಾಳೀಸ್ ಅಂದರೆ ನಲವತ್ತು. ಅಂದರೆ ನಲವತ್ತರ ಚೀಲ. ಜೀವಣಕಾಕಾನ ಮುಂದೆ ಈ ಸಮಸ್ಯೆ ಇಟ್ಟೆ. ಅವರು ಆರಿಯಿಂದ ತಲೆ ಕೆರೆದುಕೊಂಡು ಯೋಚಿಸಿ, ಚಪ್ಪಲಿಗೆ ನಂಬರ್ ಇರುವ ಹಾಗೆ ಥೈಲಿಗೂ ಅಳತೆ ಇರುತ್ತದೆ, ಮುದುಕಿ ರೈಲಿನಲ್ಲಿ ಓಡಾಡುವವಳು, ನಲವತ್ತು ಸೆಂಟಿಮೀಟರಿನ ದೊಡ್ಡ ಚೀಲ ಕೇಳಿದ್ದಾಳೆ ಎಂದು ತೀರ್ಮಾನ ಕೊಟ್ಟರು. ನನಗೂ ಅದು ಸರಿಯೆನಿಸಿತು.

ಅಷ್ಟು ದೊಡ್ಡ ಚೀಲಕ್ಕೆ ತುಂಡು ಚರ್ಮ ಸಾಲದು. ಆಯಿಗೆ ದೊಡ್ಡ ಚೀಲ ಬೇಕಂತೆ ಎಂದಷ್ಟೇ ಅಪ್ಪನಿಗೆ ಹೇಳಿದೆ. ಅಪ್ಪ ಕಾರ್ಖಾನೆಯ ಕೆಲಸದ ಮೇಲೆ ಅಹಮದಾಬಾದಿಗೆ ಹೋದವರು ಗುಜರಾತಿ ಪತ್ರಿಕೆಯಲ್ಲಿ ಸುತ್ತಿದ ಒಂದು ಸುರುಳಿ ತಂದರು. ಅವ್ವನಿಗೆ ಮಿಷನ್ನಿನ ಪಟ್ಟಾ ಎಂದು ಹೇಳಿದರು. ಅವ್ವನ ಮೂಗು ಬಹಳ ಚುರುಕು, ಆದರೂ ಸುಮ್ಮನಿದ್ದಳು. ಬಾಲ್ಕನಿಯಲ್ಲಿ ಸುರುಳಿ ಬಿಚ್ಚಿದೆ. ಜೇನಿನ ಬಣ್ಣದ ಎಮ್ಮೆಯ ಚರ್ಮ, ನನ್ನ ಕೈ ಚಾಚಿದಷ್ಟು ಅಗಲ, ಒಂದು ಕಲೆಯಿಲ್ಲ. ಅಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಜೀವಣಕಾಕಾ ಹೇಳಿದಂತೆ ಮೊದಲು ಕಾಗದದಲ್ಲಿ ಕತ್ತರಿಸಿದೆ. ಶಾಲೆಯ ಸ್ಕೇಲು ಮೂವತ್ತಕ್ಕೇ ಮುಗಿಯುತ್ತಿತ್ತು, ಮುಂದಿನ ಹತ್ತನ್ನು ಸೇರಿಸಿ ಗುರುತು ಹಾಕಿದೆ. ಅವರ ರಾಂಪಿ, ಅಂದರೆ ಚರ್ಮ ಕೊಯ್ಯುವ ಅಗಲ ಬಾಯಿಯ ಕತ್ತಿ, ಎರವಲು ತಂದು ಉಸಿರು ಹಿಡಿದು ಕೊಯ್ದೆ. ಆಮೇಲೆ ಹೊಲಿಗೆ. ಎಡಗಡೆಯ ಸಾಲನ್ನು ಅಂಜಿ ಅಂಜಿ ಶುರು ಮಾಡಿದೆ. ಆರಿ ಎರಡು ಸಲ ಹೆಬ್ಬೆರಳಿಗೆ ಹೊಕ್ಕಿತು. ಒಂದೊಂದು ದಿನ ನಾಲ್ಕು ಬೆರಳಗಲ, ಒಂದೊಂದು ದಿನ ಅದೂ ಇಲ್ಲ. ಒಮ್ಮೆ ಸಿಟ್ಟು ಬಂದು ಮೂಲೆಗೆ ಒಗೆದೆ. ಮರುದಿನ ನಾನೇ ಹೋಗಿ ಎತ್ತಿಕೊಂಡು ಬಂದೆ. ಅಷ್ಟು ಹೊತ್ತು ಒಂದೇ ಕಡೆ ಕೂರಬಲ್ಲೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಲೆಕ್ಕದ ಪುಸ್ತಕದ ಮುಂದೆ ಹತ್ತು ನಿಮಿಷ ಕೂರದವಳು ನಾನು. ಈಗ ಸೂರತ್ತಿನ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುತ್ತೇನೆ, ಕೂರುವುದನ್ನು ನಾನು ಕಲಿತದ್ದು ಆ ಚೀಲದಿಂದ. ಅಂಚುಗಳನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಮಿರುಗಿಸಿ, ಹಿಡಿಕೆ ಕೂಡಿಸಿ, ಕೊನೆಯ ದಾರ ಕತ್ತರಿಸಿದಾಗ ಆಯಿ ಬರಲು ಎರಡು ದಿನ ಉಳಿದಿತ್ತು. ಚೀಲ ತಾನಾಗಿ ನಿಂತುಕೊಂಡಿತು. ಅದರ ಸುತ್ತ ನಾಲ್ಕು ಸಲ ತಿರುಗಿ ನೋಡಿದೆ.

ಅಪ್ಪ ಮುಂಬೈವರೆಗೆ ಹೋಗಿ ಆಯಿಯನ್ನು ಕರೆದುಕೊಂಡು ಬಂದರು. ಸ್ನಾನ, ಪೂಜೆ, ಊಟ ಎಲ್ಲ ಮುಗಿದು ಆಯಿ ಹಾಲಿನಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಳು.

"ಎಲ್ಲೈತವಾ ನನ್ನ ಚಾಳೀಸದ ಚೀಲ?"

ಎರಡೂ ಕೈಯಿಂದ ಹೊತ್ತು ತಂದು ಅವಳ ಮುಂದಿಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಆಯಿ ಚೀಲ ನೋಡಿದಳು, ನನ್ನನ್ನು ನೋಡಿದಳು, ಚೀಲದೊಳಗೆ ಇಣುಕಿದಳು.

"ಇದೇನ ಇದು?"

"ನೀನೇ ಹೇಳಿದ್ದು. ಚಾಳೀಸದ ಚೀಲ. ಪೂರಾ ಚಾಳೀಸ್ ಸೆಂಟಿಮೀಟರ್."

ಆಯಿ ಸೊಂಟದಲ್ಲಿದ್ದ ಕರವಸ್ತ್ರದ ಗಂಟು ಬಿಚ್ಚಿ ತನ್ನ ದಪ್ಪ ಗಾಜಿನ ಕನ್ನಡಕ ಹೊರಗೆ ತೆಗೆದಳು.

"ಚಾಳೀಸ ಅಂದ್ರ ಇದವಾ, ನಮ್ಮವ್ವಾ! ಇದರಾಗ ನನ್ನ ಚಾಳೀಸ ಏನ, ನಾನೂ ಕುಂದ್ರತೀನಿ!"

ಅಪ್ಪ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡರು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ, ನಲವತ್ತಕ್ಕೆ ಬರುವುದರಿಂದ. ವಡೋದರಾದ ನಮ್ಮ ಮನೆಯಲ್ಲಿ ಅದು ಎಂದೋ ಚಶ್ಮಾ ಆಗಿಬಿಟ್ಟಿತ್ತು, ನನ್ನ ಕಿವಿಗೆ ಆ ಮಾತು ಬಿದ್ದೇ ಇರಲಿಲ್ಲ. ನನಗೆ ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು. ಅವ್ವ ಮಾತ್ರ ನಗಲಿಲ್ಲ.

"ನೋಡ್ರಿ ಅತ್ತಿ, ಇದಕ್ಕ ನಾ ಬ್ಯಾಡ ಅಂದಿದ್ದೆ. ಓದೂದು ಬಿಟ್ಟು ಮೋಚಿ ಹಂತ್ಯಾಕ ಕುಂತು ಇದನ್ನ ಕಲತಾಳ."

ನಾನು ಬಾಲ್ಕನಿಗೆ ಓಡಿ ರಾಂಪಿ ತಂದೆ. ಚೀಲ ಕೊಯ್ದು ಕನ್ನಡಕದ್ದೇ ಮಾಡಿಕೊಡುತ್ತೇನೆ ಎಂದೆ. ಒಂದು ಸಣ್ಣ ಚೀಲಕ್ಕಾಗಿ ಅಷ್ಟು ದಿನದ ಹೊಲಿಗೆಯನ್ನೆಲ್ಲ ಕೊಯ್ಯಲು ನಾನು ನಿಜವಾಗಿ ತಯಾರಾಗಿದ್ದೆ, ಯಾಕೆಂದರೆ ಆಯಿಯ ಬಾಯಿಂದ ಹೂಂ ಬರದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ರಂಪಗಿ ಕೆಳಗ ಇಡು," ಎಂದಳು ಆಯಿ; ರಾಂಪಿಗೆ ಊರಿನ ಹೆಸರು ಅದು. ಕನ್ನಡಕ ಏರಿಸಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಯಿ ನಮ್ಮ ಊರಿನಲ್ಲಿ ಕೌದಿ ಹೊಲಿಯುವುದಕ್ಕೆ ಹೆಸರಾದವಳು, ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಅವಳು ಹೊಲಿದ ಕೌದಿ ನಮ್ಮೆಲ್ಲರ ಹಾಸಿಗೆಯಲ್ಲೂ ಇತ್ತು. ಹೆಬ್ಬೆರಳಿನ ಉಗುರನ್ನು ಹೊಲಿಗೆಯ ಮೇಲೆ ನಿಧಾನವಾಗಿ ಓಡಿಸುತ್ತ ಹೋದಳು.

"ಇಲ್ಲಿ ನೀ ಅಂಜಿ ಹೊಲದಿ. ಇಲ್ಲಿ ನಿನಗ ಸಿಟ್ಟ ಬಂದೈತಿ, ದಾರಾ ಜಗ್ಗಿ ಹರದಿ. ಇಲ್ಲಿ ಮನಸು ಬ್ಯಾರೆ ಕಡೆ ಇತ್ತು." ಚೀಲವನ್ನು ತಿರುಗಿಸಿದಳು. ಬಲಗಡೆಯ ಸಾಲಿನ ನಡುವೆ ಉಗುರು ನಿಂತಿತು. "ಇಲ್ಲಿ ನೋಡು. ಇಲ್ಲಿಂದ ನಿನಗ ಕೈ ಬಂದೈತಿ."

ಕೈ ಬಂದೈತಿ. ನನ್ನ ಬಗ್ಗೆ ಯಾರೂ ಅದುವರೆಗೆ ಅಂಥ ಮಾತು ಆಡಿರಲಿಲ್ಲ. ಆಮೇಲೆ ಪದವಿ ಬಂತು, ನೌಕರಿ ಬಂತು, ಒಳ್ಳೆಯ ಮಾತುಗಳೂ ಬಂದವು. ಆ ಒಂದು ಮಾತಿನ ಸಮಕ್ಕೆ ಯಾವುದೂ ಬರಲಿಲ್ಲ. ಅವ್ವ ಸೋಲಲು ತಯಾರಿರಲಿಲ್ಲ.

"ಆದರ ಅತ್ತಿ, ತೊಗಲಲ್ಲರೀ. ಮನೀ ಒಳಗ..."

"ನಮ್ಮ ಮಾವನೋರ ತ್ವಾಟದಾಗ ತೊಗಲಿನ ಕಪಲಿಲೇ ಬಾವಿ ನೀರ ಎತ್ತತಿದ್ದರು. ಅದ ನೀರ ಕುಡದೀವಿ, ಅದ ನೀರಿಲೇ ಪೂಜಿ ಮಾಡೇವಿ. ಆವಾಗ ಯಾರಿಗೂ ಮೈಲಿಗಿ ನೆನಪಾಗಲಿಲ್ಲ. ಜಗಲಿ ಹಂತ್ಯಾಕ ಮಾತ್ರ ತರಬ್ಯಾಡ ಅನ್ನು, ಸಾಕು."

ಆಯಿ ಸಂತಳೇನಲ್ಲ, ಜಗಲಿಯನ್ನು ಅವಳೂ ಬಿಟ್ಟುಕೊಡಲಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳಿದಳು.

"ಇಷ್ಟ ಕಲಿಸಿದ ಆ ಮನಶ್ಯಾಗ ಒಂದ ದಿನಾ ಉಣ್ಣಾಕ ಹಾಕಿರೇನ?"

ಅಪ್ಪ ಅವ್ವನ ಕಡೆ ನೋಡಿದರು.

"ಹಂಗಾರ ಐತವಾರ ಕರೀರಿ."

ಅವ್ವ ನೆಲ ನೋಡುತ್ತ "ಹೂಂನ್ರಿ" ಎಂದಳು. ಹೂಂ ಬಂದದ್ದು ಹೀಗೆ, ಅದೂ ಅವ್ವನ ಬಾಯಿಂದ. ಆದರೆ ಅದು ಅತ್ತೆಗೆ ಹೇಳಿದ ಹೂಂ ಎಂದು ನನಗೆ ತಿಳಿಯುತ್ತಿತ್ತು. ಭಾನುವಾರದವರೆಗೆ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೆಳಗಿನಿಂದ ಹೂರಣ ಅರೆದಳು, ಕಟ್ಟಿನ ಸಾರು ಮಾಡಿದಳು. ತಾಟು ತೆಗೆಯುವ ಹೊತ್ತಿಗೆ ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ. ಅವ್ವ ಕಪಾಟಿನ ಮುಂದೆ ನಿಂತಿದ್ದಳು. ಕೆಲಸದವಳಿಗೆ ಚಹಾ-ತಿಂಡಿ ಕೊಡುವ, ಅಂಚು ನೆಗ್ಗಿದ ತಾಟು ಅವಳ ಕೈಯಲ್ಲಿತ್ತು. ನಾನು ಕಂಡದ್ದು ಅವಳಿಗೆ ಗೊತ್ತಾಯಿತು. ಅದನ್ನು ವಾಪಸ್ಸಿಟ್ಟು, ನಾವು ಉಣ್ಣುವ ಸೆಟ್ಟಿನ ಐದು ತಾಟುಗಳನ್ನು ತೆಗೆದಳು.

ಜೀವಣಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿಕೊಂಡು ಬಂದರು. ನೆಲದ ಮೇಲೆ ಕೂತವರನ್ನಷ್ಟೇ ನೋಡಿದ್ದ ನನಗೆ ಅವರು ಇಷ್ಟು ಎತ್ತರದವರೆಂದು ಆವತ್ತೇ ತಿಳಿದದ್ದು. ಬಾಗಿಲ ಹತ್ತಿರವೇ ಕೂರಲು ಹೋದರು. ಆಯಿ ಕೈಸನ್ನೆ ಮಾಡಿ ತನ್ನ ಪಕ್ಕದ ತಾಟಿನ ಮುಂದೆ ಕೂರಿಸಿದಳು. ಆಯಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು, ನಡುವೆ ನಾನು, ಆಯಿ ಆಡಿಕೊಳ್ಳುತ್ತಿದ್ದ ನನ್ನ ಕನ್ನಡದೊಂದಿಗೆ. ಕಪಲಿಯನ್ನು ಹಿಂದಿಯಲ್ಲಿ ಹೇಳಲಾರದೆ ಕೈಯಿಂದ ಬಾವಿ, ಎತ್ತು, ಹಗ್ಗ, ಚರ್ಮದ ಚೀಲ ಎಲ್ಲ ಮಾಡಿ ತೋರಿಸಿದೆ.

"ಕೋಸ್!" ಎಂದರು ಜೀವಣಕಾಕಾ, ಮುಖ ಅರಳಿಸಿ. "ಅರೇ ಮಾಜಿ, ಮೇರೇ ದಾದಾ ಕೋಸ್ ಹೀ ಬನಾತೇ ಥೇ."

ಅವರ ಅಜ್ಜ ಹೊಲಿಯುತ್ತಿದ್ದುದೇ ಅದನ್ನಂತೆ ಎಂದು ಆಯಿಗೆ ಹೇಳಿದೆ. ಆಯಿ ತುತ್ತು ಹಿಡಿದ ಕೈಯನ್ನು ಹಾಗೇ ಹಣೆಗೆ ಒಯ್ದಳು. ಆಮೇಲೆ ಚೀಲ ತರಿಸಿ ಅವರ ಮುಂದಿಟ್ಟು, ತಪ್ಪು ತೋರಿಸಲು ಹೇಳು ಎಂದಳು. ಅವರು ಹಿಡಿಕೆ ಜಗ್ಗಿ ನೋಡಿ, ಬುಡದಲ್ಲಿ ದಾರ ಇನ್ನೊಂದು ಸುತ್ತು ಬರಬೇಕಿತ್ತು ಎಂದರು. ಬೇರೆ ತಪ್ಪು ಸಿಗಲಿಲ್ಲ. ಅವ್ವ ಇದನ್ನೆಲ್ಲ ಕೇಳುತ್ತ ಬಡಿಸುತ್ತಿದ್ದಳು. ಎರಡನೆಯ ಹೋಳಿಗೆಗೆ ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದರೂ ಬಿಡದೆ ಹಾಕಿ ತುಪ್ಪ ಸುರಿದಳು.

ಆಗ ತೆರೆದ ಬಾಗಿಲಲ್ಲಿ ಹಂಸಾಬೆನ್ ಕಾಣಿಸಿಕೊಂಡರು, ಹಿಂದಿನ ದಿನ ಒಯ್ದ ಬಟ್ಟಲು ಹಿಂದಿರುಗಿಸಲು. ಸಾಲಾಗಿ ಕೂತವರನ್ನು ನೋಡಿದರು. ಅವರ ಕಣ್ಣು ಜೀವಣಕಾಕಾನ ತಾಟಿನ ಮೇಲೆ ನಿಂತಿತು. ಜೀವಣಕಾಕಾ ಉಣ್ಣುವುದನ್ನು ನಿಲ್ಲಿಸಿದರು. ಆಯಿಗೆ ಗುಜರಾತಿ ಬಾರದು, ಅಪ್ಪ ಬಾಯಿ ಬಿಡುವವರಲ್ಲ. ಹಂಸಾಬೆನ್‌ಗೆ ಉತ್ತರ ಹೇಳಬೇಕಾದವಳು ಅವ್ವ ಒಬ್ಬಳೇ.

"ಆ ತೊ ಆಪಣಾ ಗೇಟ್‌ವಾಳಾ ಮೋಚಿ ಛೆ ನೆ?" ಇವನು ನಮ್ಮ ಗೇಟಿನ ಮೋಚಿಯಲ್ಲವೇ ಎಂದು ಹಂಸಾಬೆನ್ ಮೆಲ್ಲಗೆ ಕೇಳಿದರು.

ಅವ್ವ ತುಪ್ಪದ ಗಿಂಡಿ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಬಗ್ಗಿ, ಅಷ್ಟು ದಿನ ಒಂದು ಬೆರಳೂ ತಾಗಿಸದಿದ್ದ ನನ್ನ ಚೀಲವನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಹಂಸಾಬೆನ್ ಅವರ ಕೈಯಲ್ಲಿಟ್ಟಳು.

"ಹಾ. ಮಾರೀ ದೀಕರೀನಾ ಗುರು ಛೆ," ಎಂದಳು. ನನ್ನ ಮಗಳ ಗುರು.